ಎರವಲು ವಿಳಾಸ

ಬೇಸಗೆಯ ರಜೆಗೆಂದು ಮಗಳು ಹಾಸ್ಟೆಲಿನಿಂದ ಮನೆಗೆ ಬಂದಿದ್ದ ದಿನಗಳಲ್ಲಿ ನಮ್ಮ ಹಳೆಯ ಮೋಡೆಮ್ ಕೆಟ್ಟು, ಹೊಸದನ್ನು ತಂದು ಅಣಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಅದರ ಅಡಿಯ ಚೀಟಿಯಲ್ಲಿ ಅಚ್ಚಾಗಿದ್ದ 192.168.1.1 ಎಂಬುದನ್ನು ಬ್ರೌಸರಿನಲ್ಲಿ ಬರೆದು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ಯಂತ್ರಗಳಿಗೆ ತಾನಾಗಿಯೇ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಪುಟದಲ್ಲಿ ‘ಎನೇಬಲ್’ ಒತ್ತಿ, 100ರಿಂದ 199ರವರೆಗಿನ ಕೊನೆಯಂಕಿಗಳನ್ನು ಹಂಚಿಕೆಗೆ ಬಿಟ್ಟು, ಆ ಎರವಲಿನ ವಾಯಿದೆಯನ್ನು 86,400 ಸೆಕೆಂಡು, ಎಂದರೆ ಒಂದು ಹಗಲು ಒಂದು ಇರುಳು, ಎಂದು ನಿಗದಿಮಾಡಿದೊಡನೆ ಮನೆಯ ಯಂತ್ರಗಳೆಲ್ಲ ಒಂದೊಂದಾಗಿ ವಿಳಾಸ ಪಡೆದು ಪಟ್ಟಿಯಲ್ಲಿ ಕಾಣಿಸಿಕೊಂಡವು.

ಮರುದಿನ ಕರೆಂಟು ಹೋಗಿ ಬಂದಾಗ ಮೋಡೆಮ್ ತನ್ನ ಪಟ್ಟಿಯನ್ನು ಮರೆತು, ಮಗಳ ಫೋನಿನ ಅಂಕಿಯನ್ನು ಟಿವಿಗೆ ಕೊಟ್ಟುಬಿಟ್ಟಿತ್ತು. ಅವಳು ಪಟ್ಟಿಯನ್ನು ನೋಡಿ, “ಅಪ್ಪಾ, ನಿನ್ನೆ ನನ್ನ ಫೋನು ನೂರಾ ಎರಡು, ಇವತ್ತು ನೂರಾ ಏಳು. ಇದು ಅದೇ ಫೋನು ಅಂತ ಮೋಡೆಮ್ಮಿಗೆ ಹೇಗೆ ಗೊತ್ತಾಗತ್ತೆ?” ಎಂದು ಕೇಳಿದಳು.

ಯಂತ್ರಕ್ಕೆ ಹುಟ್ಟಿನೊಡನೆ ಬಂದ 48 ಬಿಟ್ಟುಗಳ ಮ್ಯಾಕ್ ಸಂಖ್ಯೆಯೊಂದಿದೆ, ಅದರಿಂದ ಗುರುತು ಹಿಡಿಯುತ್ತದೆ ಎಂದು ನಾನು ಉತ್ತರ ಕೊಟ್ಟೆನಾದರೂ, ಆ ಉತ್ತರ ನಿಲ್ಲಲಿಲ್ಲ. ಏಕೆಂದರೆ ಈಚಿನ ಫೋನುಗಳು ತಮ್ಮ ಸಹಜ ಸಂಖ್ಯೆಯನ್ನು ಮರೆಮಾಡಿ, ಒಂದೊಂದು ವೈಫೈಗೆ ಒಂದೊಂದು ಕಲ್ಪಿತ ಸಂಖ್ಯೆಯನ್ನು ತೋರಿಸುತ್ತವೆ. ಹಾಗಾದರೆ ವಿಳಾಸವೂ ಎರವಲು, ಜನ್ಮಸಂಖ್ಯೆಯೆಂದು ಮೋಡೆಮ್ ನಂಬಿದ್ದೂ ಮುಖವಾಡ. ಇವೆರಡನ್ನೂ ತೆಗೆದಿಟ್ಟ ಮೇಲೆ ‘ಅದೇ’ ಎಂದು ನಾವು ಹೇಳತಕ್ಕದ್ದು ಯಾವುದನ್ನು?

ಇಂಥದೇ ಪ್ರಶ್ನೆಗೆ ಯವನರಾಜ ಮಿಲಿಂದನಿಗೆ ನಾಗಸೇನ ಭಿಕ್ಷು ಹೇಳಿದ ಸಮಾಧಾನ ಪ್ರಸಿದ್ಧವಾದುದು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗವೂ ರಥವಲ್ಲ, ಇವು ಕೂಡಿದ ಕಡೆ ರಥವೆಂಬ ವ್ಯವಹಾರ ನಡೆಯುತ್ತದೆ, ‘ನಾಗಸೇನ’ ಎಂಬುದೂ ಅಂಥದೇ ಒಂದು ಹೆಸರು. ಬಹುಕಾಲ ಈ ಮಾತು ನನಗೆ ಸಾಕಾಗಿತ್ತು. ಆದರೆ ಅಂದು, ವಿಳಾಸವನ್ನು ಬೇಡುವ ಕ್ರಮವನ್ನು ಮಗಳಿಗೆ ವಿವರಿಸುತ್ತಿರುವಾಗ, ನಾಗಸೇನನ ಮಾತಿನಲ್ಲಿ ಏನೋ ಉಳಿದುಹೋಗಿದೆಯೆಂದು ತೋರಿತು.

1997ರ ಮಾರ್ಚಿನಲ್ಲಿ ರಾಲ್ಫ್ ಡ್ರಾಮ್ಸ್ ಅವರ ಹೆಸರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 2131 ಎಂಬ ಡಿಎಚ್‌ಸಿಪಿಯ ನಿಬಂಧದಂತೆ, ಹೊಸದಾಗಿ ಬಂದ ಯಂತ್ರಕ್ಕೆ ತನ್ನದೆಂಬ ವಿಳಾಸವಿಲ್ಲ; ಕೊಡುವವನು ಎಲ್ಲಿರುವನೆಂಬುದೂ ಅದಕ್ಕೆ ತಿಳಿಯದು. ಆದುದರಿಂದ ಕಳುಹಿದವರ ಸ್ಥಾನದಲ್ಲಿ 0.0.0.0 ಎಂದು ಬರೆದು, 255.255.255.255ಕ್ಕೆ, ಎಂದರೆ ಕೇಳಿಸಿಕೊಳ್ಳಬಲ್ಲ ಸರ್ವರಿಗೂ, ಅದು ಕೂಗುತ್ತದೆ. ಮೋಡೆಮ್ ಒಂದು ಅಂಕಿಯನ್ನು ಮುಂದಿಡುತ್ತದೆ. ಯಂತ್ರವು ಅದನ್ನೇ ಕೊಡಬೇಕೆಂದು ಕೋರುತ್ತದೆ. ಆಗಲಿ ಎಂಬ ಒಪ್ಪಿಗೆ ಬಂದ ಮೇಲೆಯೇ ಅದಕ್ಕೆ ಆ ಮನೆಯಲ್ಲಿ ಒಂದು ನೆಲೆ.

ನನ್ನ ಮನಸ್ಸು ನಿಂತದ್ದು ಆ ಸೊನ್ನೆಗಳ ಮೇಲೆ. ಹೆಸರಿಗೆ ಮುನ್ನ ಕೂಗಿದೆ. ಯಂತ್ರಕ್ಕೆ ಆತ್ಮವನ್ನು ಆರೋಪಿಸುವಷ್ಟು ಸಾಹಸ ನನಗೆ ಬೇಡ. ಅಲ್ಲಿ ಕೂಗುವುದು ಒಂದು ಬರೆದಿಟ್ಟ ವಿಧಿ ಮಾತ್ರ. ಆದರೆ ಮನುಷ್ಯನ ವಿಷಯದಲ್ಲಿ, ನಾಮಕರಣಕ್ಕೆ ಮೊದಲೇ ತೊಟ್ಟಿಲಲ್ಲಿ ಅತ್ತ ಶಿಶುವಿನ ವಿಷಯದಲ್ಲಿ, ನಾಮರೂಪಗಳು ಉಪಾಧಿಗಳೆಂದೂ ಅವನ್ನು ಧರಿಸುವವನು ಅವುಗಳಿಂದ ಹುಟ್ಟಿದವನಲ್ಲವೆಂದೂ ಹೇಳುವ ವೇದಾಂತಿಯ ಪಕ್ಷವೇ ನನಗೀಗ ಹೆಚ್ಚು ಯುಕ್ತವೆನಿಸುತ್ತದೆ. ಹೆಸರು ಬೇಕೆಂದು ಬೇಡಿದವನನ್ನು ಆ ಹೆಸರೇ ಸೃಷ್ಟಿಸಿತೆಂದು ಒಪ್ಪುವುದು ಹೇಗೆ?

ಹಾಗೆಂದು ಎರವಲನ್ನು ಹಗುರವಾಗಿ ಕಾಣಲಾರೆ. ಹಿಂದೊಮ್ಮೆ ನಾನು ಪ್ರಿಂಟರಿಗೆ 110ನ್ನು ಕೈಯಿಂದಲೇ ಶಾಶ್ವತವಾಗಿ ಬರೆದಿಟ್ಟು ಮೋಡೆಮ್ಮಿಗೆ ತಿಳಿಸದೆ ಹೋದೆ. ಅದು ತನ್ನ ಲೆಕ್ಕದಂತೆ ಅದೇ ಅಂಕಿಯನ್ನು ಮತ್ತೊಂದು ಯಂತ್ರಕ್ಕೂ ಕೊಟ್ಟಿತು. ಎರಡಕ್ಕೂ ಮಾತು ಸರಿಯಾಗಿ ತಲಪದಾಯಿತು. ಕೇಳಿ ಪಡೆದ ಯಂತ್ರವಾದರೋ ವಾಯಿದೆಯ ಅರ್ಧ ಕಳೆದೊಡನೆ, ಇನ್ನೂ ಹನ್ನೆರಡು ಗಂಟೆ ಉಳಿದಿರುವಾಗಲೇ, ಕೊಟ್ಟವನ ಬಳಿಗೆ ಹೋಗಿ ಮುಂದುವರಿಸೆಂದು ಕೇಳುತ್ತದೆ. ದಿನವೂ ಬೇಡಿ ಬಾಳುವ ಈ ಪರಾಧೀನತೆಯಲ್ಲಿ ನನಗೆ ದೈನ್ಯ ಕಾಣಲಿಲ್ಲ. ಸಂಜೆಯ ಪ್ರಾರ್ಥನೆಗೆ ಕುಳಿತ ನನ್ನ ತಾಯಿಯ ಮುಖ ನೆನಪಾಯಿತು.

ರಜೆ ಮುಗಿದು ಮಗಳು ಬೆಳಗಿನ ಬಸ್ಸಿಗೆ ಹೊರಟುಹೋದಳು. ರಾತ್ರಿ ಮೋಡೆಮ್ಮಿನ ಪುಟವನ್ನು ತೆರೆದಾಗ ಅವಳ ಫೋನಿನ ಸಾಲು ಪಟ್ಟಿಯಲ್ಲಿ ಇನ್ನೂ ಇದ್ದಿತು. ಅದರ ಎದುರಿನ ಉಳಿದ ಅವಧಿ ಸೆಕೆಂಡು ಸೆಕೆಂಡಾಗಿ ಇಳಿಯುತ್ತಿತ್ತು, ನೂರಾ ಏಳನ್ನು ಮೋಡೆಮ್ ಇನ್ನಾರಿಗೂ ಕೊಟ್ಟಿರಲಿಲ್ಲ.