ವಿದ್ಯಾರ್ಥಿವೇತನವನ್ನು ಕೇಳುವುದು ಯಾಚನೆಯೇ?

ಮಾಘವು ಕಳೆದು ಫಾಲ್ಗುಣವು ಕಾಲಿಡುವ ಹೊತ್ತಿಗೆ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಒಂದು ಪರೀಕ್ಷೆಯದು, ಮತ್ತೊಂದು, ಪರೀಕ್ಷೆಯಾದ ಮೇಲಿನ ಓದಿನ ವೆಚ್ಚದ್ದು. ಹೊರದೇಶದ ವ್ಯಾಸಂಗಕ್ಕೆ ಸಾಲರೂಪದ ನೆರವನ್ನೀಯುವ ಜೆ. ಎನ್. ಟಾಟಾ ದತ್ತಿಯವರು ಸಾಮಾನ್ಯವಾಗಿ ಅರ್ಜಿಗಳನ್ನು ಕರೆಯುವುದು ವರ್ಷಾರಂಭದ ಈ ತಿಂಗಳುಗಳಲ್ಲಿಯೇ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಮೊದಲ ಸುತ್ತಿನ ಅರ್ಜಿಗಳೂ ಇತ್ತೀಚಿನ ಹಲವು ವರ್ಷಗಳಲ್ಲಿ ಫೆಬ್ರವರಿ ಮಾರ್ಚಿಗಳಲ್ಲಿಯೇ ಸ್ವೀಕೃತವಾಗಿವೆ. ಯುಗಾದಿಯ ಬೇವುಬೆಲ್ಲವನ್ನು ಹಂಚುವ ವೇಳೆಗೆ ಇಂಥ ಬಾಗಿಲುಗಳಲ್ಲಿ ಕೆಲವು ಮುಚ್ಚಿರುತ್ತವೆ.

ಅರ್ಹನೂ ಬಡವನೂ ಆದ ವಿದ್ಯಾರ್ಥಿಯು ಆ ಬಾಗಿಲಿಗೆ ಬಾರದೆಯೇ ಉಳಿಯುವುದುಂಟು. ವಿಷಯವು ತಿಳಿಯದೆ ಉಳಿದವರು ಕೆಲವರು. ತಿಳಿದೂ ಕೈಯೊಡ್ಡಲು ನಾಚಿ ಉಳಿದವರು ಕೆಲವರು. 'ನಮ್ಮ ಮನೆತನದಲ್ಲಿ ಯಾರೂ ಬೇಡಿದವರಲ್ಲ' ಎಂದು ತಂದೆಯು ಹೇಳುತ್ತಾನೆ. ಮಗನು ಅರ್ಜಿಯ ನಮೂನೆಯನ್ನು ಮಡಿಸಿಡುತ್ತಾನೆ. ಆದುದರಿಂದ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಗಳು ಎರಡು. ವಿದ್ಯೆಗಾಗಿ ನೆರವನ್ನು ಕೇಳುವುದು ಯಾಚನೆಯೇ? ಕೇಳಿದವರಿಗೆ ಕೊಟ್ಟ ಮಾತ್ರಕ್ಕೆ ಕೊಡುವವರ ಧರ್ಮವು ಮುಗಿಯಿತೇ?

ಯಾಚನೆಯು ಮನುಷ್ಯನನ್ನು ಕುಗ್ಗಿಸುತ್ತದೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮೂರಡಿ ನೆಲವನ್ನು ಬೇಡಬೇಕಾಗಿ ಬಂದಾಗ ವಿಷ್ಣುವೂ ವಾಮನನಾಗಬೇಕಾಯಿತೆಂದು ಹಿರಿಯರು ಹೇಳುವುದುಂಟು. ದುಡಿದು ಉಣ್ಣಬೇಕೆಂಬ ಕಾಯಕಧರ್ಮವನ್ನು ಶರಣರು ಸಾರಿದ ನಾಡು ಇದು. ಇಂಥ ಸಂಸ್ಕಾರದಲ್ಲಿ ಬೆಳೆದವನಿಗೆ ಅರ್ಜಿ ಹಾಕುವುದೆಂದರೆ ಸಂಕೋಚವಾಗುವುದು ಸಹಜ. ಆ ಸಂಕೋಚವನ್ನು ಹಾಸ್ಯ ಮಾಡತಕ್ಕದ್ದಲ್ಲ. ಅದರ ಮೂಲದಲ್ಲಿರುವುದು ಸ್ವಾಭಿಮಾನವೆಂಬ ಸದ್ಗುಣ. ಆದರೆ ಸದ್ಗುಣವೂ ತನ್ನ ಎಲ್ಲೆಯನ್ನು ಮೀರಿದರೆ ಹಾನಿಯನ್ನುಂಟುಮಾಡುತ್ತದೆ. ಆ ಎಲ್ಲೆ ಯಾವುದೆಂಬುದನ್ನು ನೋಡಬೇಕು.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ವಿದ್ಯಾರ್ಥಿಯ ಕಥೆಯಿದೆ. ವರತಂತುವಿನ ಶಿಷ್ಯನಾದ ಆತನು ಹದಿನಾಲ್ಕು ವಿದ್ಯೆಗಳನ್ನು ಕಲಿತು, ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಲು ರಘುಮಹಾರಾಜನಲ್ಲಿಗೆ ಬರುತ್ತಾನೆ. ಅಷ್ಟರಲ್ಲಿ ರಘುವು ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ, ಅತಿಥಿಗೆ ಅರ್ಘ್ಯವನ್ನು ಮಣ್ಣಿನ ಪಾತ್ರೆಯಲ್ಲಿ ಕೊಡುವ ಸ್ಥಿತಿಯಲ್ಲಿದ್ದಾನೆ. ಅದನ್ನು ಕಂಡ ಕೌತ್ಸನು ತಾನು ಕಾಲವು ಮೀರಿದ ಮೇಲೆ ಬಂದೆನೆಂದು ತಿಳಿದು, ಏನನ್ನೂ ಬೇಡದೆ ಬೇರೆಡೆಗೆ ಹೊರಡಲನುವಾಗುತ್ತಾನೆ. ರಘುವು ಅವನನ್ನು ತಡೆದು, ಬೇಕಾದುದೇನೆಂದು ತಾನಾಗಿಯೇ ಕೇಳಿ ತಿಳಿದು, ಎರಡು ಮೂರು ದಿನ ಇಲ್ಲಿಯೇ ಇರಬೇಕೆಂದು ಪ್ರಾರ್ಥಿಸುತ್ತಾನೆ. ಕುಬೇರನ ಮೇಲೆ ದಂಡೆತ್ತಿ ಹೋಗಲು ನಿಶ್ಚಯಿಸಿದ ರಾತ್ರಿಯಲ್ಲಿಯೇ ಬೊಕ್ಕಸದಲ್ಲಿ ಚಿನ್ನದ ಮಳೆಯಾಗುತ್ತದೆ. ಅರಸನು ಎಲ್ಲವನ್ನೂ ಕೊಂಡೊಯ್ಯೆಂದರೆ, ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನದನ್ನು ಮುಟ್ಟುವುದಿಲ್ಲ. ಸಾಕೇತದ ಜನರು ಇಬ್ಬರನ್ನೂ ಕೊಂಡಾಡಿದರಂತೆ.

ಈ ಕಥೆಯಲ್ಲಿ ಕೇಳುವವನು ಸಣ್ಣವನಾಗಲಿಲ್ಲ. ಅದಕ್ಕೆ ಕಾರಣಗಳೂ ಕಥೆಯಲ್ಲಿಯೇ ಇವೆ. ಆತನು ಕೇಳಿದ್ದು ಭೋಗಕ್ಕಲ್ಲ, ವಿದ್ಯೆಯ ಋಣವನ್ನು ತೀರಿಸುವುದಕ್ಕೆ; ಕೇಳಿದ್ದು ಅಗತ್ಯದಷ್ಟನ್ನು; ಕೊಂಡದ್ದೂ ಅಷ್ಟನ್ನೇ. ಎಲ್ಲಿ ಉದ್ದೇಶವು ಶುದ್ಧವೋ, ಪರಿಮಾಣವು ಮಿತವೋ, ಪಡೆದುದರ ಋಣಪ್ರಜ್ಞೆಯು ಜಾಗೃತವೋ, ಅಲ್ಲಿ ಕೇಳುವುದು ಭಿಕ್ಷುಕವೃತ್ತಿಯಾಗದು. ಕೇಳಿ ಪಡೆದುದನ್ನು ಉಂಡು ಮುಗಿಸುವವನ ಕೈ ಬೇರೆ. ಪಡೆದುದನ್ನು ಬಿತ್ತಿ ಬೆಳೆಯುವವನ ಕೈ ಬೇರೆ.

ಕನ್ನಡನಾಡಿನ ವಿದ್ಯಾಭ್ಯಾಸದ ಇತಿಹಾಸವೂ ಇದನ್ನೇ ಹೇಳುತ್ತದೆ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರು ಮುಂದೆ ಅಧ್ಯಾಪಕರೂ ವಕೀಲರೂ ಅಧಿಕಾರಿಗಳೂ ಆದರು. ಆದರೆ ಆ ಪದ್ಧತಿಯ ಒಂದು ದೋಷವನ್ನು ಮರೆಯಲಾಗದು. ಆ ಮನೆಗಳ ಹೊಸ್ತಿಲಲ್ಲಿ ಜಾತಿಯು ಕಾವಲು ನಿಂತಿತ್ತು. ಬಡತನವು ಸಮನಾಗಿದ್ದರೂ ಅನ್ನವು ಎಲ್ಲರಿಗೂ ಸಮನಾಗಿರಲಿಲ್ಲ. ಸಾರ್ವಜನಿಕವಾದ ವಿದ್ಯಾರ್ಥಿವೇತನವು ಇದಕ್ಕಿಂತ ಮೇಲಾದದ್ದು. ಅಲ್ಲಿ ವಿದ್ಯಾರ್ಥಿಯು ಒಬ್ಬ ಗೃಹಸ್ಥನ ದಯೆಯನ್ನು ನೋಡಿಕೊಂಡಿರಬೇಕಾಗಿಲ್ಲ, ನಿಯಮವೊಂದನ್ನು ಮಾತ್ರ ಪೂರೈಸಿದರೆ ಸಾಕು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದ ಹಣದಿಂದ ಓದಿ, 1881 ರಲ್ಲಿ ಬಿ.ಎ. ಪದವಿಯನ್ನು ಪಡೆದು, ಮೈಸೂರು ಸರಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಮುಂದೆ 1912 ರಲ್ಲಿ ಅದೇ ಸಂಸ್ಥಾನದ ದಿವಾನರಾದರು. ಅವರ ಕಾಲದಲ್ಲಿಯೇ, 1916 ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಕೊಟ್ಟ ಹಣವನ್ನು ಸಂಸ್ಥಾನವು ಇದಕ್ಕಿಂತ ಹೆಚ್ಚಿನ ಬಡ್ಡಿಗೆ ಮತ್ತೆಲ್ಲಿ ಹಾಕಬಹುದಾಗಿತ್ತು?

ಜಮ್ಷೇಟ್ಜಿ ಟಾಟಾ ಅವರು 1892 ರಲ್ಲಿ ತಮ್ಮ ದತ್ತಿಯನ್ನು ಸ್ಥಾಪಿಸಿದಾಗ ಈ ಋಣಭಾವಕ್ಕೆ ಒಂದು ವ್ಯವಸ್ಥೆಯ ರೂಪವನ್ನೇ ಕೊಟ್ಟರು. ಅಲ್ಲಿ ಸಿಗುವುದು ದಾನವಲ್ಲ, ಸಾಲ. ಓದಿ ಬಂದವನು ಹಿಂದಿರುಗಿಸಿದ ಹಣವು ಮುಂದಿನವನ ಓದಿಗೆ ಒದಗುತ್ತದೆ. ತುಮಕೂರು ಸೀಮೆಯಲ್ಲಿ ಹುಟ್ಟಿ ಪರಮಾಣು ವಿಜ್ಞಾನಿಗಳಾಗಿ ಹೆಸರಾದ ರಾಜಾ ರಾಮಣ್ಣನವರೂ, ಕೇರಳದ ಬಡಕುಟುಂಬವೊಂದರಿಂದ ಬಂದು 1997 ರಲ್ಲಿ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ನರೂ ಈ ನೆರವಿನಿಂದ ಲಂಡನ್ನಿನಲ್ಲಿ ಓದಿದವರೇ. ಅವರು ಕೇಳಿದುದರಿಂದ ಅವರ ಮಾನಕ್ಕೆ ಕುಂದುಂಟಾಯಿತೆಂದು ಯಾರೂ ಹೇಳಲಾರರು.

ಆದರೆ ಋಣವೆಂಬುದು ಹಣದಿಂದ ಮಾತ್ರ ತೀರುವಂಥದೂ ಅಲ್ಲ, ಪಡೆದವನೊಬ್ಬನನ್ನೇ ಕಟ್ಟುವಂಥದೂ ಅಲ್ಲ. ಡಾಕ್ಟರ್ ಅಂಬೇಡ್ಕರರ ಜೀವನವು ಇದಕ್ಕೆ ನಿದರ್ಶನ. ಬರೋಡೆಯ ಸಯಾಜಿರಾವ್ ಗಾಯಕವಾಡರು ಕೊಟ್ಟ ತಿಂಗಳಿಗೆ 11.5 ಪೌಂಡುಗಳ ವಿದ್ಯಾರ್ಥಿವೇತನದಿಂದ ಅವರು 1913 ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಓದಿದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದೆಂದು ಒಪ್ಪಂದವಿತ್ತು. ಅದರಂತೆ 1917 ರಲ್ಲಿ ಬರೋಡೆಗೆ ಬಂದವರಿಗೆ, ಅಸ್ಪೃಶ್ಯರೆಂಬ ಕಾರಣದಿಂದ, ತಲೆಯ ಮೇಲೊಂದು ಸೂರೂ ನಿಲ್ಲಲಿಲ್ಲ. ಅವರು ಆ ಊರನ್ನೇ ಬಿಡಬೇಕಾಯಿತು. ಅರಸನು ವಿದ್ಯೆಗೆ ಹಣವನ್ನು ಕೊಟ್ಟನು. ಊರು ವಿದ್ವಾಂಸನಿಗೆ ಕೋಣೆಯೊಂದನ್ನು ಕೊಡಲಿಲ್ಲ. ಋಣವನ್ನು ತೀರಿಸಲು ಬಂದವನನ್ನು ತೀರಿಸಲು ಬಿಡದಿದ್ದುದು ಯಾರ ತಪ್ಪು? ಆದರೂ ಅವರು ತಮ್ಮ ಋಣವನ್ನು ಮರೆಯಲಿಲ್ಲ. 1945 ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿ, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದು, ತಾವು ಪಡೆದುದನ್ನು ಸಾವಿರಾರು ಮಂದಿಗೆ ಹಿಂದಿರುಗಿಸಿದರು. ಕೊಟ್ಟವನಿಗೇ ಹಿಂದಿರುಗಿಸಬೇಕೆಂಬ ನಿಯಮವಿಲ್ಲ. ಮುಂದಿನವನಿಗೆ ಕೊಟ್ಟರೂ ವಿದ್ಯೆಯ ಋಣವು ತೀರುತ್ತದೆ.

ಇನ್ನು ಅರ್ಜಿಯನ್ನು ಬರೆಯುವವನಿಗೆ ಎದುರಾಗುವ ಒಂದು ಸೂಕ್ಷ್ಮವಾದ ಕಷ್ಟವಿದೆ. ಅರ್ಜಿಯ ಒಂದು ಪುಟದಲ್ಲಿ ಆತನು ತನ್ನ ಮನೆಯ ಬಡತನವನ್ನು ಅಂಕಿಗಳಲ್ಲಿ ತೋರಿಸಬೇಕು. ಇನ್ನೊಂದು ಪುಟದಲ್ಲಿ ತನ್ನ ಯೋಗ್ಯತೆಯನ್ನು ತಾನೇ ವರ್ಣಿಸಬೇಕು. ದೈನ್ಯವೂ ಆತ್ಮಪ್ರಶಂಸೆಯೂ ಒಂದೇ ಲಕೋಟೆಯೊಳಗೆ ಹೋಗಬೇಕು. ತನ್ನನ್ನು ತಾನು ಹೊಗಳಿಕೊಳ್ಳುವುದು ತನ್ನನ್ನು ತಾನು ಕೊಂದುಕೊಳ್ಳುವುದಕ್ಕೆ ಸಮಾನವೆಂದು ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ತಿಳಿಸುತ್ತಾನೆ. ಈ ಸಂಸ್ಕಾರವುಳ್ಳ ಹಳ್ಳಿಯ ಹುಡುಗಿಯು ತನ್ನ ಸಾಧನೆಯ ಬಗ್ಗೆ ನಾಲ್ಕು ಸಾಲು ಬರೆಯಲಾರದೆ ಲೇಖನಿಯನ್ನು ಕೆಳಗಿಟ್ಟರೆ ಆಶ್ಚರ್ಯವೇನು?

ಇದಕ್ಕೆ ಸಮಾಧಾನವೇನೆಂದರೆ, ಪ್ರಶಂಸೆ ಬೇರೆ, ಸಾಕ್ಷ್ಯ ಬೇರೆ. 'ಅತ್ಯಂತ ಪ್ರತಿಭಾವಂತಳು' ಎಂಬುದು ಪ್ರಶಂಸೆ. 'ಬೆಳಗ್ಗೆ ದನಗಳ ಕೆಲಸ ಮುಗಿಸಿ ಎಂಟು ಮೈಲಿ ದೂರದ ಕಾಲೇಜಿಗೆ ಹೋಗಿ, ರಸಾಯನಶಾಸ್ತ್ರದಲ್ಲಿ ಇಷ್ಟು ಅಂಕಗಳನ್ನು ಪಡೆದಳು' ಎಂಬುದು ಸಾಕ್ಷ್ಯ. ನ್ಯಾಯಸ್ಥಾನದಲ್ಲಿ ಸಾಕ್ಷಿಯು ಕಂಡದ್ದನ್ನು ಹೇಳಲು ನಾಚುವುದಿಲ್ಲ. ಅರ್ಜಿದಾರನೂ ತನ್ನ ವಿಷಯದಲ್ಲಿ ತಾನೊಬ್ಬ ಸಾಕ್ಷಿಯೆಂದು ಭಾವಿಸಿ ನಡೆದದ್ದನ್ನು ನಡೆದಂತೆ ಬರೆದರೆ ಅದರಲ್ಲಿ ಜಂಬವೂ ಇಲ್ಲ, ದೈನ್ಯವೂ ಇಲ್ಲ. ಬಡತನದ ವಿಷಯದಲ್ಲಿಯೂ ಹೀಗೆಯೇ. ಆದಾಯವು ಕಡಿಮೆಯೆಂಬುದು ಒಂದು ಸಂಗತಿ, ಅದೊಂದು ಅಪರಾಧವಲ್ಲ.

ಸಾಕ್ಷಿಗೆ ಸತ್ಯವೇ ಪ್ರಾಣವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅನುಕೂಲಸ್ಥರು ಆದಾಯವನ್ನು ಕಡಿಮೆಯಾಗಿ ತೋರಿಸಿ ಪ್ರಮಾಣಪತ್ರವನ್ನು ಪಡೆದು, 'ಸರಕಾರದ ಹಣವಲ್ಲವೇ, ಯಾರ ಗಂಟೂ ಅಲ್ಲ' ಎನ್ನುವುದುಂಟು. ಮೇಲೆ ಹೇಳಿದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೇ ನೋಡಬಹುದು. 1954-55 ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪರಿಶಿಷ್ಟ ಜಾತಿಯವರೇ ಮೊದಲಾದವರಿಗೆ ಇತ್ತೀಚಿನ ವರ್ಷಗಳಲ್ಲಿ ಇರುವ ಸ್ಥಾನಗಳು ಇಡೀ ದೇಶಕ್ಕೆ 125. ಕುಟುಂಬದ ವಾರ್ಷಿಕ ಆದಾಯವು 8 ಲಕ್ಷ ರೂಪಾಯಿಗಳನ್ನು ಮೀರಬಾರದೆಂಬುದು ನಿಯಮ. ಹೀಗೆ ಎಣಿಸಿಟ್ಟ ಸ್ಥಾನಗಳಲ್ಲಿ ಒಂದನ್ನು ಸುಳ್ಳಿನಿಂದ ಪಡೆದವನು ಸರಕಾರದ ಬೊಕ್ಕಸದಿಂದ ತೆಗೆದುಕೊಂಡವನಲ್ಲ. ಎಲ್ಲೋ ಒಂದು ಹಟ್ಟಿಯಲ್ಲಿ ದೀಪದ ಕೆಳಗೆ ಕುಳಿತು ಓದುತ್ತಿರುವ, ತಾನೆಂದೂ ನೋಡದ ಒಬ್ಬನ ಕೈಯಿಂದ ಕಿತ್ತುಕೊಂಡವನು. ಕಳವಾದುದು ಕಳೆದುಕೊಂಡವನಿಗೇ ತಿಳಿಯದಂಥ ಕಳವು ಇದು.

ಕೇಳುವವರ ಧರ್ಮವು ಇಷ್ಟು. ಇನ್ನು ಕೊಡುವವರದು. ಕೊನೆಯ ದಿನವೊಂದನ್ನು ಗೊತ್ತುಮಾಡುವುದು ಅನ್ಯಾಯವೆಂದು ಹೇಳಲಾಗದು. ಗಡುವಿಲ್ಲದಿದ್ದರೆ ಹಂಚಿಕೆಯು ಶಿಫಾರಸು ಇದ್ದವರ ಪಾಲಾಗುತ್ತದೆ; ದಿನಾಂಕವು ಮಂತ್ರಿಯ ಮಗನಿಗೂ ಕೂಲಿಯ ಮಗನಿಗೂ ಒಂದೇ ಆಗಿರುವುದು ಬಡವನಿಗೇ ರಕ್ಷೆ. ಆದರೆ ದಿನಾಂಕವು ಸಮನಾದ ಮಾತ್ರಕ್ಕೆ ದಾರಿಯು ಸಮನಾಗುವುದಿಲ್ಲ. ಪಟ್ಟಣದ ವಿದ್ಯಾರ್ಥಿಗೆ ಪ್ರಕಟಣೆಯು ಹೊರಟ ದಿನವೇ ತಿಳಿಯುತ್ತದೆ, ಮನೆಯಲ್ಲಿಯೇ ಅಂತರ್ಜಾಲವಿರುತ್ತದೆ, ತಿದ್ದಿಕೊಡುವ ಹಿರಿಯರಿರುತ್ತಾರೆ. ಹಳ್ಳಿಯವನಿಗೆ ಸುದ್ದಿಯು ಮುಟ್ಟುವುದೇ ಕೊನೆಯ ವಾರದಲ್ಲಿ. ಆಮೇಲೆ ಆದಾಯದ ಪತ್ರಕ್ಕೆ ನಾಡಕಚೇರಿ, ಆಧಾರಿಗೆ ಜೋಡಿಸಿದ ಖಾತೆಗಾಗಿ ಬ್ಯಾಂಕು, ಅಂಕಪಟ್ಟಿಗೆ ಕಾಲೇಜು, ಇವುಗಳ ನಡುವೆ ಬಸ್ಸು ಹತ್ತಿ ಇಳಿಯುವುದರಲ್ಲಿಯೇ ಗಡುವು ಕಳೆಯುತ್ತದೆ. ಅದೂ ಪರೀಕ್ಷೆಯು ಬಾಗಿಲಿಗೆ ಬಂದಿರುವ ಕಾಲದಲ್ಲಿ! ಹೀಗೆ ತಪ್ಪಿಸಿಕೊಂಡವನನ್ನು ಸೋಮಾರಿಯೆಂದು ಕರೆಯುವುದು ಸುಲಭ, ನ್ಯಾಯವಲ್ಲ.

ಕೌತ್ಸನೂ ಕಾಲವು ಮೀರಿದ ಮೇಲೆ ಬಂದವನೇ ಆಗಿದ್ದನು. ರಘುವಿನ ಹಿರಿಮೆಯು ಅವನು ಕೊಟ್ಟ ಹೊನ್ನಿನಲ್ಲಿಲ್ಲ. ಬೇಡದೆ ಹೊರಟವನನ್ನು ತಡೆದು, ಏನು ಬೇಕಾಗಿತ್ತೆಂದು ಕೇಳಿದುದರಲ್ಲಿದೆ. ಇಂದಿನ ಸರಕಾರವೂ ದತ್ತಿಗಳೂ ಗಡುವನ್ನು ಮೀರಿ ಕೊಡಲಾರವು. ಆದರೆ ಗಡುವಿಗೆ ಮೊದಲೇ ಹುಡುಕಿಕೊಂಡು ಹೋಗಬಲ್ಲವು. ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಕೊಟ್ಟೆವೆಂದು ಲೆಕ್ಕ ಹಾಕುವಂತೆ, ಅರ್ಹರಾಗಿದ್ದೂ ಅರ್ಜಿಯನ್ನೇ ಹಾಕದವರು ಎಷ್ಟು ಮಂದಿಯೆಂದೂ ಲೆಕ್ಕ ಹಾಕಬೇಕು. 1944 ರಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗಾಗಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು, ಕೆಲವರನ್ನು ಆರಿಸಿ ಮೆಚ್ಚುವುದಕ್ಕಿಂತ ಅರ್ಹರೆಲ್ಲರಿಗೂ ಸಲ್ಲಿಸುವುದು ಮೇಲೆಂಬ ದಾರಿಯನ್ನು ತೋರಿತು. 2025 ರಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನದವರು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ, ಸರಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ, ಅಂಕಗಳ ಸ್ಪರ್ಧೆಯನ್ನಿಡದೆ, ವರ್ಷಕ್ಕೆ 30,000 ರೂಪಾಯಿಗಳನ್ನು ಕೊಡಲು ಮುಂದಾದದ್ದೂ ಅದೇ ದಾರಿಯಲ್ಲಿ.

ಕೊಡುವವನೂ ಅಲ್ಲದ, ಕೇಳುವವನೂ ಅಲ್ಲದ ಮೂರನೆಯವನಿಗೂ ಇಲ್ಲಿ ಕರ್ತವ್ಯವಿದೆ. ಊರಿನ ಅಧ್ಯಾಪಕನು ಧನುರ್ಮಾಸದಲ್ಲಿಯೇ ಯಾವ ವೇತನಕ್ಕೆ ಯಾವ ದಿನ ಕೊನೆಯೆಂಬ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಬಹುದು. ಆದಾಯ ಜಾತಿಗಳ ಪತ್ರಗಳನ್ನು ಪರೀಕ್ಷೆಗೆ ಮೊದಲೇ ಮಾಡಿಸಿಡುವಂತೆ ಹೇಳಬಹುದು. ವಾಚನಾಲಯದವರು ಒಂದು ಸಂಜೆ ಕುಳಿತು ಹತ್ತು ಹುಡುಗರ ಅರ್ಜಿಗಳನ್ನು ತುಂಬಿಸಿಕೊಡಬಹುದು. ಹಿಂದೆ ನೆರವನ್ನು ಪಡೆದವನಂತೂ ಇದನ್ನು ತನ್ನ ಋಣದ ಒಂದು ಕಂತೆಂದೇ ತಿಳಿಯತಕ್ಕದ್ದು. ಹಣವಿಲ್ಲದವನೂ ಮಾಡಬಹುದಾದ ವಿದ್ಯಾದಾನವಿದು.

ಹೀಗೆ ನೋಡಿದರೆ ವಿದ್ಯಾರ್ಥಿವೇತನವು ಒಬ್ಬನು ಬೇಡಿ ಇನ್ನೊಬ್ಬನು ನೀಡುವ ಭಿಕ್ಷೆಯಲ್ಲ. ಅದು ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಹರಿದು ಬರುವ ಕಾಲುವೆಯ ನೀರು. ಕೊನೆಯ ಗದ್ದೆಯ ರೈತನು ತನ್ನ ಪಾಳಿಯ ನೀರನ್ನು ಕೇಳಿದರೆ ಅವನನ್ನು ಯಾರೂ ಭಿಕ್ಷುಕನೆನ್ನುವುದಿಲ್ಲ. ನೀರು ಅಲ್ಲಿಯವರೆಗೆ ಮುಟ್ಟದಿದ್ದರೆ ಅವನು ಕೇಳಲಿಲ್ಲವೆಂದು ನೀರುಗಂಟಿಯು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ.