ಮನೆಯ ಕಾಗದ, ಊರಿನ ಅಹವಾಲು

ಸೊರಬ, ಶಿಕಾರಿಪುರ ಅಕ್ಕಪಕ್ಕದ ತಾಲೂಕುಗಳು. 1967ರಿಂದ ಸೊರಬವನ್ನು ಪ್ರತಿನಿಧಿಸಿದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಶಿಕಾರಿಪುರದಿಂದ ಮೊದಲು ಗೆದ್ದ ಬಿ.ಎಸ್. ಯಡಿಯೂರಪ್ಪ 2007ರಲ್ಲಿ. ಇಬ್ಬರ ಮಕ್ಕಳೂ ಅದೇ ಕ್ಷೇತ್ರಗಳಿಂದ ಗೆದ್ದರು. ಇಂಥ ಮನೆತನಗಳ ಕಾಗದಪತ್ರಗಳು ಯಾರ ಸೊತ್ತು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಶಿಕಾರಿಪುರ ತಾಲೂಕಿನದೇ ತಾಳಗುಂದದ ಕಂಬದಲ್ಲಿ ಕದಂಬ ಮನೆತನದ ಕಥೆಯಿದೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಸವಾರನೊಡನೆ ಜಗಳವಾಗಿ ಖಡ್ಗ ಹಿಡಿದ ಪ್ರಸಂಗ. ಅದನ್ನು ಕೆತ್ತಿಸಿದವನು ಅದೇ ವಂಶದ ಶಾಂತಿವರ್ಮ. ಕಲ್ಲಿನಲ್ಲಿ ಮನೆತನ ತನಗೆ ಬೇಕಾದ್ದನ್ನಷ್ಟೇ ಹೇಳುತ್ತದೆ.

ಕಾಗದ ಹಾಗಲ್ಲ. ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷರಾದ ಜಾನ್ ಆಡಮ್ಸ್‌ಗೆ ಪತ್ನಿ ಅಬಿಗೈಲ್ 1776ರಲ್ಲಿ, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಎಂದು ಬರೆದರು. ಗಂಡ ನಕ್ಕು ತಳ್ಳಿಹಾಕಿದ ಉತ್ತರವೂ ಉಳಿದಿದೆ. ನನ್ನ ಪತ್ರಗಳನ್ನು ಸುಟ್ಟುಬಿಡಿ ಎಂದ ಹೆಂಡತಿಯ ಮಾತನ್ನು ಅವರು ಕೇಳಲಿಲ್ಲ. 1956ರಲ್ಲಿ ಕುಟುಂಬದ ಕಾಗದಗಳೆಲ್ಲ ಮ್ಯಾಸಚೂಸೆಟ್ಸ್ ಐತಿಹಾಸಿಕ ಸಂಘಕ್ಕೆ ಸೇರಿದವು. ಜಗತ್ತಿಗೆ ಲಾಭವಾಯಿತು, ನಿಜ. ಆದರೆ ಆಕೆಯ ಇಚ್ಛೆ?

ನಮ್ಮಲ್ಲಿ ಈ ತೊಡಕು ಇನ್ನೂ ದೊಡ್ಡದು. ರಾಜಕಾರಣಿಯ ಮನೆಬಾಗಿಲಿಗೆ ಅಹವಾಲುಗಳ ರಾಶಿಯೇ ಬರುತ್ತದೆ: ಬಗರ್‌ಹುಕುಂ ಜಮೀನು, ವಿಧವಾ ವೇತನ, ಮಗನ ನೌಕರಿ, ಮಗಳ ಮದುವೆಯ ಸಾಲ. ಬೇರೆಲ್ಲೂ ಬರೆದಿಡದ ಬಡವರ ಚರಿತ್ರೆ ಅದು. ಗುಜರಿಗೆ ಹಾಕಿದರೆ ಅದೂ ಅಳಿಯುತ್ತದೆ. ಹಾಗೆಂದು ಎಲ್ಲರ ಕೈಗೆ ಕೊಟ್ಟರೆ, ಸಾಹೇಬರೊಬ್ಬರಿಗೇ ಎಂದು ಸಂಕಟ ಬರೆದ ಹೆಂಗಸಿನ ಮಾನ ಬೀದಿಗೆ ಬೀಳುತ್ತದೆ. ಕಾಗದ ಉಳಿಯಲಿ, ಅರ್ಜಿದಾರರ ಹೆಸರು ಎರಡು ತಲೆಮಾರು ಮುಚ್ಚಿರಲಿ ಎಂಬುದು ನಮ್ಮ ಅಭಿಪ್ರಾಯ. ನಾಯಕರ ಹೆಸರಿಗೆ ಈ ರಿಯಾಯಿತಿ ಬೇಕಿಲ್ಲ.