ವಿರಾಮದ ಗಂಟೆ

ಶಾಲೆಯವರಾದ ನಮಗೆ ಇಂಟರ್‌ವಲ್ ಎಂದರೆ ಪಾಠದ ನಡುವೆ ಹೊಡೆಯುವ ಸಣ್ಣ ಗಂಟೆ. ಆ ಮಾತು ಈಗ ಬೊಜ್ಜು ಕರಗಿಸುವವರ ಬಾಯಿಗೂ ಬಂದಿದೆ. ಹೈ ಇಂಟೆನ್ಸಿಟಿ ಇಂಟರ್‌ವಲ್ ಟ್ರೈನಿಂಗ್ ಎಂಬುದು ಅದರ ಪೂರ್ತಿ ಹೆಸರು. ಏದುಸಿರು ಬರುವಷ್ಟು ಬಿರುಸಾಗಿ ಸ್ವಲ್ಪ ಹೊತ್ತು ವ್ಯಾಯಾಮ, ಸ್ವಲ್ಪ ಹೊತ್ತು ಬಿಡುವು, ಮತ್ತೆ ವ್ಯಾಯಾಮ. ನಾಲ್ಕೇ ನಿಮಿಷ ಸಾಕು, ಸೊಂಟ ಸಣ್ಣಗಾಗುತ್ತದೆ ಎಂಬ ಭರವಸೆ ರಾಮನಗರ, ಚನ್ನಪಟ್ಟಣದ ನಮ್ಮಂಥ ಹೆಂಗಸರನ್ನೂ ಮುಟ್ಟಿದೆ.

ಈ ನಾಲ್ಕು ನಿಮಿಷದ ಮಾತಿಗೆ ಬಹುಮಟ್ಟಿಗೆ ಮೂಲ, ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ. 20 ಸೆಕೆಂಡು ಶಕ್ತಿಮೀರಿ ಸೈಕಲ್ ತುಳಿಯುವುದು, 10 ಸೆಕೆಂಡು ನಿಲ್ಲುವುದು. ಹೀಗೆ ಏಳೆಂಟು ಸಲ. ತುಳಿದವರು ಆಟೋಟಗಳಲ್ಲಿ ಪಳಗಿದ ತರುಣರು. ಆರು ವಾರದ ಕೊನೆಗೆ ಅಳೆದದ್ದು ಅವರ ದಮ್ಮನ್ನು. ಬೊಜ್ಜಿನ ಪ್ರಶ್ನೆಯೇ ಅಲ್ಲಿರಲಿಲ್ಲ. ಲೆಕ್ಕವೂ ಸರಳವಾಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ನಾಲ್ಕು ನಿಮಿಷದಲ್ಲಿ ನಮ್ಮಂಥವರು ಎಷ್ಟು ತುಳಿದರೂ ನೂರು ಕ್ಯಾಲೊರಿ ಕರಗುವುದು ಕಷ್ಟ. ಮುಂದೆ ನಡೆದ ಹೋಲಿಕೆಗಳೂ ಹೇಳುವುದು ಇಷ್ಟನ್ನೇ: ಬಿಟ್ಟು ಬಿಟ್ಟು ಮಾಡುವ ಬಿರುಸಿನ ವ್ಯಾಯಾಮಕ್ಕೂ ಒಂದೇ ಸಮನೆ ಮಾಡುವ ವ್ಯಾಯಾಮಕ್ಕೂ ಕೊಬ್ಬು ಕರಗುವುದರಲ್ಲಿ ಹೆಚ್ಚು ಅಂತರವಿಲ್ಲ. ಸಮಯ ಉಳಿಯುತ್ತದೆ, ದಮ್ಮು ಹೆಚ್ಚುತ್ತದೆ.

ನನ್ನ ಮನಸ್ಸು ತಂಗಿದ್ದು ಮಾತ್ರ ಆ ಹತ್ತು ಸೆಕೆಂಡಿನ ಮೇಲೆ. ಅಲ್ಲಿ ಬಿಡುವು ಸೋಮಾರಿತನವಲ್ಲ, ವ್ಯಾಯಾಮದ ಲೆಕ್ಕಕ್ಕೇ ಸೇರಿದ್ದು. ನಿಲ್ಲದಿದ್ದರೆ ಮುಂದಿನ ಸುತ್ತಿಗೆ ಬಿರುಸು ಬರುವುದಿಲ್ಲ. ಹೆಂಗಸಿನ ದಿನಚರಿಯಲ್ಲಿ ಈ ಲೆಕ್ಕವನ್ನು ಯಾರು ಬರೆದಿದ್ದಾರೆ?

"ಮನೆಗೆಲಸಕ್ಕಿಂತ ವ್ಯಾಯಾಮ ಬೇಕೇ?" ಎನ್ನುವ ಹಿರಿಯರು ಎಲ್ಲ ಮನೆಗಳಲ್ಲೂ ಇದ್ದಾರೆ. ರಾಮನಗರದಲ್ಲಿ ನೂಲು ತೆಗೆಯುವ ಹೆಣ್ಣುಮಕ್ಕಳನ್ನು ನೋಡಿ. ಬಿಸಿನೀರಿನಲ್ಲಿ ಬೆರಳಾಡಿಸುತ್ತಾ ಗೂಡಿನ ಎಳೆ ಹುಡುಕುವ ಆ ಕೈಗಳು ಸಂಜೆಗೆ ಸುಲಿದುಹೋಗಿರುತ್ತವೆ. ದಣಿವಿಗೇನೂ ಕೊರತೆಯಿಲ್ಲ. ಆದರೆ ಯಾವಾಗ ಜೋರು, ಯಾವಾಗ ಬಿಡುವು ಎಂಬುದು ಅವರ ಕೈಯಲ್ಲಿಲ್ಲ. ದಣಿವಿಗೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ.

ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಹುಳು ಸಾಕುವವರಿಗೆ ಗೊತ್ತು: ಗೂಡು ಕಟ್ಟುವ ಮೊದಲು ರೇಷ್ಮೆಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಅದು ತಿನ್ನುವುದಿಲ್ಲ. ಮನೆಯವರು ಸೊಪ್ಪು ನಿಲ್ಲಿಸುತ್ತಾರೆ, ಅಲುಗಿಸದೆ ಬಿಡುತ್ತಾರೆ. ಪೊರೆ ಕಳಚಿ ಎದ್ದ ಹುಳು ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಹುಳುವಿಗೆ ಇಷ್ಟು ಮರ್ಯಾದೆಯಿಂದ ಕೊಡುವ ವಿರಾಮವನ್ನು, ಅದಕ್ಕೆ ಸೊಪ್ಪು ಹೊರುವವಳಿಗೆ ಕೊಡುವುದು ಯಾರು?

ವಿಶ್ರಾಂತಿ ಎನ್ನುವುದು ಕೆಲಸ ಮುಗಿಸಿದವರಿಗೆ ಸಿಗುವ ಬಹುಮಾನವೇ, ಕೆಲಸದ್ದೇ ಒಂದು ಭಾಗವೇ? ಬಹುಮಾನವಾದರೆ ನಮಗೆ ಅದು ಎಂದೂ ದಕ್ಕದು, ಮನೆಗೆಲಸ ಮುಗಿಯುವುದೆಂದರೇನು? ಭಾಗವೆಂದು ಒಪ್ಪಿದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ನಾನು ಅರ್ಧ ಗಂಟೆ ವಾಕಿಂಗ್ ಹೋದರೆ ನನ್ನ ಪಾಲಿನ ಕೆಲಸ ಯಾರ ಹೆಗಲಿಗೆ? ಮಗಳಿಗೋ ಪಾತ್ರೆ ತೊಳೆಯುವಾಕೆಗೋ ಬಿದ್ದರೆ, ಅದು ಇನ್ನೊಬ್ಬಳಿಂದ ಕಸಿದ ವಿರಾಮ. ಗಂಡ, ಗಂಡುಮಕ್ಕಳೂ ಆ ಕೆಲಸಕ್ಕೆ ಕೈಹಚ್ಚಿದಾಗ ಮಾತ್ರ ಅದು ನ್ಯಾಯವಾಗಿ ನನ್ನದು.

ಐವತ್ತು ದಾಟಿದ ಮಂಡಿಗೆ ಕುಪ್ಪಳಿಸುವ ವ್ಯಾಯಾಮ ಹೇಳಿದ್ದಲ್ಲ, ಬಿ.ಪಿ., ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಇಂಥದಕ್ಕೆ ಇಳಿಯಲೂಬಾರದು. ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ ನಡೆಯುವ ಕ್ರಮವನ್ನು ಜಪಾನಿನಲ್ಲಿಯೇ ನಡುವಯಸ್ಸು ದಾಟಿದವರ ಮೇಲೆ ಪರೀಕ್ಷಿಸಿದ್ದಾರೆ. ತೊಡೆಗಳಿಗೆ ಬಲ ಬಂದಿದೆ, ರಕ್ತದೊತ್ತಡ ಇಳಿದಿದೆ. ತೂಕದ ಮುಳ್ಳು ಅಲುಗಾಡದಿದ್ದರೂ ಮೆಟ್ಟಿಲು ಹತ್ತುವಾಗ ಉಸಿರು ನಮ್ಮ ಕಡೆ ನಿಂತರೆ ಅದೇನು ಕಡಿಮೆ ಲಾಭವೇ? ಬಿರುಸಿನ ಮೂರು ನಿಮಿಷವನ್ನು ನಾವು ಎಲ್ಲಿಂದಲಾದರೂ ತರುತ್ತೇವೆ, ಅಭ್ಯಾಸವಿದೆ. ನಿಧಾನದ ಮೂರು ನಿಮಿಷವನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯುವುದನ್ನು ಇನ್ನು ಕಲಿಯಬೇಕಾಗಿದೆ.